ಪ್ರಾಯಕ್ಕೆ ಬಂದವರ ಆರೈಕೆ: ಮುಚ್ಚಿದ ಬಾಗಿಲು ತೆರೆಯಲಿ

ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಕೆಲವು ಮನೆಗಳಿವೆ. ಆ ಮನೆಯ ತಂದೆ ಭಾನುವಾರದ ಮೊದಲ ಪೂಜೆಗೆ ಬರುತ್ತಾರೆ, ತಾಯಿ ಎರಡನೆಯ ಪೂಜೆಗೆ ಬರುತ್ತಾರೆ. ಇಬ್ಬರೂ ಜೊತೆಯಾಗಿ ಬಂದುದನ್ನು ಕಂಡವರು ಕಡಿಮೆ. ಕಾರಣ ಕೇಳಿದರೆ, "ಮನೆಯಲ್ಲಿ ಒಬ್ಬರಿರಬೇಕಲ್ಲ" ಎಂಬ ಚಿಕ್ಕ ಉತ್ತರ ಬರುತ್ತದೆ. ಮನೆಯಲ್ಲಿರುವವರು ಮೂವತ್ತೈದು ವರ್ಷದ ಮಗ ಅಥವಾ ನಲವತ್ತೆರಡು ವರ್ಷದ ಮಗಳು. ಅವರ ಹೆಸರು ದೀಕ್ಷಾಸ್ನಾನದ ದಾಖಲೆಯಲ್ಲಿದೆ. ಪ್ರಥಮ ಪರಮಪ್ರಸಾದದ ದಾಖಲೆಯಲ್ಲಿ ಕೆಲವೊಮ್ಮೆ ಇದೆ, ಕೆಲವೊಮ್ಮೆ ಇಲ್ಲ. ಅಲ್ಲಿಂದಾಚೆಗೆ ಅವರು ಸಮುದಾಯದ ಕಣ್ಣಿನಿಂದ ಮರೆಯಾಗುತ್ತಾರೆ. ಬೌದ್ಧಿಕ ಬೆಳವಣಿಗೆಯಲ್ಲಿ ಕೊರತೆಯುಳ್ಳ, ಅಥವಾ ಆಟಿಸಂ ಉಳ್ಳ ಈ ನಮ್ಮ ಸಹೋದರ ಸಹೋದರಿಯರಿಗೆ ಮನೆಯಲ್ಲಿ ದೊರೆಯುತ್ತಿರುವ ಆರೈಕೆ ಎಂತಹುದು, ಎಂತಹುದಾಗಿರಬೇಕು ಎಂಬುದನ್ನು ಈ ವಾರ ವಿಚಾರ ಮಾಡೋಣ.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಪ್ರಶ್ನೆಗೆ ವಿಶೇಷವಾದ ತುರ್ತು ಇದೆ. ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಬಿ.ಇ.ಎಲ್., ನೆರೆಯ ಎಚ್.ಎಂ.ಟಿ., ಯಲಹಂಕದ ರೈಲು ಗಾಲಿ ಕಾರ್ಖಾನೆ ಇವುಗಳ ಕೆಲಸವನ್ನು ನಂಬಿ ಅನೇಕ ಕಥೋಲಿಕ ಕುಟುಂಬಗಳು ಇಲ್ಲಿ ನೆಲೆಯೂರಿದವು. ಯಶವಂತಪುರ, ಮತ್ತಿಕೆರೆ, ಹೆಬ್ಬಾಳ, ಆರ್.ಟಿ. ನಗರಗಳಲ್ಲಿ ಸಾಲ ಮಾಡಿ ನಿವೇಶನ ಕೊಂಡು ಮನೆ ಕಟ್ಟಿದವು. ಆ ಪೀಳಿಗೆ ಈಗ ನಿವೃತ್ತವಾಗಿದೆ; ಹಲವರು ಎಪ್ಪತ್ತನ್ನು ದಾಟಿದ್ದಾರೆ. ಇತರ ಮಕ್ಕಳು ಕೊಲ್ಲಿ ರಾಷ್ಟ್ರಗಳಿಗೋ ಕೆನಡಾಕ್ಕೋ ಹೋಗಿದ್ದಾರೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ಚಹರೆಯೇ ಬದಲಾಯಿತು. ವಠಾರಗಳಿದ್ದ ಕಡೆ ಬಹುಮಹಡಿ ಕಟ್ಟಡಗಳೆದ್ದವು. ಹಿಂದೆ ಇಂತಹ ಒಬ್ಬ ಮಗ ದಾರಿ ತಪ್ಪಿದರೆ ಬೀದಿಯ ಅಂಗಡಿಯವರೇ ಕೈಹಿಡಿದು ಮನೆಗೆ ತಲುಪಿಸುತ್ತಿದ್ದರು. ಈಗ ಪಕ್ಕದ ಮನೆಯವರಿಗೂ ಅವನ ಹೆಸರು ತಿಳಿಯದು. ವೃದ್ಧ ತಂದೆತಾಯಿ, ಪ್ರಾಯಕ್ಕೆ ಬಂದ ಮಗ ಅಥವಾ ಮಗಳು, ಸದಾ ಚಿಲಕ ಹಾಕಿದ ಬಾಗಿಲು: ಇದು ಈಗಿನ ಚಿತ್ರ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಬೌದ್ಧಿಕ ನ್ಯೂನತೆಯೂ ಆಟಿಸಂ ಕೂಡ ಮಾನಸಿಕ ರೋಗಗಳಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಬೌದ್ಧಿಕ ನ್ಯೂನತೆಯನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಇವೆರಡೂ ಸೇರಿವೆ. ಇವು ಔಷಧಿಯಿಂದಲೋ ಹರಕೆಯಿಂದಲೋ ಗುಣವಾಗಬೇಕಾದ ರೋಗಗಳಲ್ಲ. ಜೀವನಪರ್ಯಂತ ಜೊತೆಯಲ್ಲಿರುವ ಸ್ಥಿತಿಗಳು. 2011ರ ಜನಗಣತಿಯ ಪ್ರಕಾರ ಬೌದ್ಧಿಕ ನ್ಯೂನತೆಯುಳ್ಳವರು ದೇಶದಲ್ಲಿ ಸುಮಾರು 15 ಲಕ್ಷ. ಆಟಿಸಂ ಉಳ್ಳವರನ್ನು ಆ ಗಣತಿ ಪ್ರತ್ಯೇಕವಾಗಿ ಎಣಿಸಲೇ ಇಲ್ಲ.

ಇನ್ನೊಂದು ಸಂಗತಿಯೂ ಗಮನಾರ್ಹ. ಡೌನ್ ಸಿಂಡ್ರೋಮ್ ಉಳ್ಳವರ ಸರಾಸರಿ ಆಯುಸ್ಸು ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಸುಮಾರು 25 ವರ್ಷವಿತ್ತು. ಈಗ ಅದು ಸುಮಾರು 60ಕ್ಕೆ ಏರಿದೆ. ಹೃದಯದ ಶಸ್ತ್ರಚಿಕಿತ್ಸೆ, ಉತ್ತಮ ಔಷಧಿಗಳು ದೊರೆಯುವಲ್ಲೆಲ್ಲ ಇವರು ದೀರ್ಘಕಾಲ ಬದುಕುತ್ತಾರೆ. ಇದು ದೇವರ ಕೃಪೆ. ಆದರೆ ಹಿಂದಿನ ಪೀಳಿಗೆಗೆ ಅಷ್ಟಾಗಿ ಎದುರಾಗದ ಒಂದು ಪರಿಸ್ಥಿತಿ ಇದರಿಂದ ಉಂಟಾಗಿದೆ: ಮಕ್ಕಳು ತಂದೆತಾಯಿಯರ ನಂತರವೂ ಬದುಕುತ್ತಾರೆ. "ನಮ್ಮ ಕಾಲಾನಂತರ ಇವನ ಗತಿ ಏನು?" ಎಂಬ ತಾಯಿಯ ನಿಟ್ಟುಸಿರು ಇಲ್ಲಿಂದ ಹುಟ್ಟಿದ್ದು.

ಹಾಗಾದರೆ ಒಳ್ಳೆಯ ಆರೈಕೆ ಎಂದರೇನು? ಹೊಟ್ಟೆ ತುಂಬ ಊಟ, ಶುಭ್ರವಾದ ಬಟ್ಟೆ, ಹೊತ್ತಿಗೆ ಸರಿಯಾಗಿ ಔಷಧಿ, ಎಲ್ಲಕ್ಕಿಂತ ಮಿಗಿಲಾಗಿ ಪ್ರೀತಿ: ಇವು ಬಹುತೇಕ ಮನೆಗಳಲ್ಲಿ ಇವೆ. ಮೂವತ್ತು ನಲವತ್ತು ವರ್ಷ ಒಂದು ರಾತ್ರಿಯೂ ನೆಮ್ಮದಿಯಾಗಿ ನಿದ್ರಿಸದ ತಾಯಂದಿರ ಪ್ರೀತಿಯನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಪ್ರೀತಿ ಒಂದೇ ಆರೈಕೆಯ ಗುಣಮಟ್ಟವನ್ನು ನಿರ್ಧರಿಸುವುದಿಲ್ಲ ಎಂಬುದನ್ನು ನಾವು ವಿನಯದಿಂದ ಹೇಳಬೇಕಾಗಿದೆ.

ನಲವತ್ತರ ಗಂಡಸನ್ನು ಮನೆಯವರೆಲ್ಲ "ಪಾಪು" ಎಂದು ಕರೆಯುತ್ತಾರೆ. ಅವನ ಅಂಗಿಯ ಬಣ್ಣವನ್ನು ತಾಯಿ ಆರಿಸುತ್ತಾರೆ, ಅವನ ತಟ್ಟೆಗೆ ಎಷ್ಟು ಬಡಿಸಬೇಕೆಂದು ತಾಯಿ ನಿರ್ಧರಿಸುತ್ತಾರೆ, ವೈದ್ಯರು ಅವನಿಗೆ ಕೇಳಿದ ಪ್ರಶ್ನೆಗೆ ತಂದೆ ಉತ್ತರಿಸುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ದೂರದರ್ಶನದ ಮುಂದೆ ಕುಳಿತಿರುವುದೇ ಅವನ ದಿನಚರಿ. ವಿಶೇಷ ಶಾಲೆ ಹದಿನೆಂಟು ವರ್ಷಕ್ಕೆ ಮುಗಿಯಿತು. ಅಲ್ಲಿ ಕಲಿತದ್ದು ಒಂದೊಂದಾಗಿ ಮರೆತುಹೋಯಿತು. ಇದು ನಿರ್ಲಕ್ಷ್ಯವಲ್ಲ, ನಿಜ. ಆದರೆ ಇದು ಒಬ್ಬ ಪ್ರಾಪ್ತವಯಸ್ಕನ ಜೀವನವೂ ಅಲ್ಲ. ಎರಡು ಅಂಗಿಗಳನ್ನು ಮುಂದಿಟ್ಟು "ಯಾವುದು ಬೇಕಪ್ಪಾ?" ಎಂದು ಕೇಳುವುದು ಚಿಕ್ಕ ಕೆಲಸ. ಅವರೆಕಾಳು ಸುಲಿಯುವುದು, ಬಟ್ಟೆ ಮಡಿಸುವುದು, ಹಾಲು ತರಲು ಜೊತೆಗೆ ಹೋಗುವುದು, ದೇವಾಲಯದ ಪೀಠಗಳನ್ನು ಒರೆಸುವುದು ಚಿಕ್ಕ ಕೆಲಸಗಳೇ. ಇವುಗಳಿಂದಲೇ ಒಬ್ಬ ಮನುಷ್ಯನಿಗೆ ತಾನು ಬೇಕಾದವನು ಎಂಬ ಭಾವನೆ ಮೂಡುತ್ತದೆ.

ದೇಹದ ಮರ್ಯಾದೆಯೂ ಹಾಗೆಯೇ. ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳುವುದನ್ನು ಕಲಿಸುವುದು, ಮುಟ್ಟಿನ ದಿನಗಳ ಶುಚಿತ್ವವನ್ನು ಮಗಳಿಗೆ ತಾಳ್ಮೆಯಿಂದ ತಿಳಿಸಿಕೊಡುವುದು, ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬುದನ್ನು ಅರ್ಥಮಾಡಿಸುವುದು ಅತ್ಯಗತ್ಯ. ಇವುಗಳನ್ನು ನಾಚಿಕೆಯ ವಿಷಯವೆಂದು ಬಿಟ್ಟುಬಿಟ್ಟರೆ ಅಪಾಯ ಅವರಿಗೇ.

ಆರೋಗ್ಯದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಾತು ಬಾರದವರು ಹಲ್ಲುನೋವನ್ನು ಕೋಪದಿಂದ ತಿಳಿಸುತ್ತಾರೆ. ಮಲಬದ್ಧತೆಯನ್ನು ತಲೆ ಚಚ್ಚಿಕೊಳ್ಳುವುದರಿಂದ ತಿಳಿಸುತ್ತಾರೆ. "ಇವನಿಗೆ ಹೀಗೆಯೇ ಆಗಾಗ ಬರುತ್ತದೆ" ಎಂದು ನಿದ್ರೆಯ ಗುಳಿಗೆಯ ಪ್ರಮಾಣವನ್ನು ಹೆಚ್ಚಿಸಿಕೊಂಡು ಹೋದರೆ ನೋವು ಹಾಗೆಯೇ ಉಳಿದು ಮನುಷ್ಯ ಮಾತ್ರ ಮಂಕಾಗುತ್ತಾನೆ. ಇಂತಹ ಅತಿಯಾದ ಔಷಧಿ ಬಳಕೆಯನ್ನು ತಡೆಯಲೆಂದೇ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2016ರಲ್ಲಿ ಒಂದು ಕಾರ್ಯಕ್ರಮವನ್ನೇ ಆರಂಭಿಸಿತು. ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ಥೈರಾಯ್ಡ್ ತೊಂದರೆಯೂ ಮಧ್ಯವಯಸ್ಸಿನಲ್ಲಿಯೇ ಮರೆವಿನ ಕಾಯಿಲೆಯೂ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ವರ್ಷಕ್ಕೊಮ್ಮೆಯಾದರೂ ಪೂರ್ಣ ತಪಾಸಣೆ ಆಗಬೇಕು. ಗುಳಿಗೆಗಳ ಚೀಟಿಯನ್ನು ವೈದ್ಯರು ಮೊದಲಿನಿಂದ ಪರಿಶೀಲಿಸಬೇಕು.

ಆಟಿಸಂ ಉಳ್ಳವರ ಮನೆಯಲ್ಲಿ ಆರೈಕೆ ಎಂದರೆ ಬಹಳಷ್ಟು ಮಟ್ಟಿಗೆ ಶಬ್ದ, ಬೆಳಕು ಮತ್ತು ಕ್ರಮದ ವಿಚಾರ. ಕುಕ್ಕರಿನ ಕೂಗು ನಮಗೆ ಊಟದ ಸೂಚನೆ. ಅವರಲ್ಲಿ ಕೆಲವರಿಗೆ ಅದು ಕಿವಿಗೆ ಚುಚ್ಚಿದ ಸೂಜಿ. ಧರ್ಮಕೇಂದ್ರದ ಹಬ್ಬದ ಪಟಾಕಿ, ಧ್ವನಿವರ್ಧಕ, ನೂಕುನುಗ್ಗಲು ಅವರನ್ನು ಕಂಗೆಡಿಸುತ್ತವೆ. ನಾಳೆ ಏನಾಗುವುದೆಂದು ಚಿತ್ರ ಬರೆದು ತೋರಿಸಿದರೆ ಅವರು ಶಾಂತವಾಗಿರುತ್ತಾರೆ. ಹೇಳದೆ ಕೇಳದೆ ಮನೆ ತುಂಬ ನೆಂಟರು ಬಂದರೆ ಕಿರುಚುತ್ತಾರೆ. ಇದನ್ನು ಹಟವೆಂದು, ದೆವ್ವದ ಕಾಟವೆಂದು, ತಾಯಿ ಸರಿಯಾಗಿ ಬೆಳೆಸಲಿಲ್ಲವೆಂದು ತೀರ್ಪು ಕೊಡುವವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅಂತಹ ಒಂದೊಂದು ಮಾತೂ ಆ ಮನೆಯ ಬಾಗಿಲಿಗೆ ಇನ್ನೊಂದು ಚಿಲಕವನ್ನು ಹಾಕುತ್ತದೆ.

ಇಲ್ಲಿಗೆ ನಾವು ಮುಖ್ಯ ವಿಷಯಕ್ಕೆ ಬಂದೆವು. ಒಬ್ಬಳೇ ತಾಯಿಯ ಎರಡು ಕೈಗಳ ಮೇಲೆ ನಿಂತ ಆರೈಕೆ ಎಷ್ಟೇ ಪ್ರೀತಿಯದ್ದಾದರೂ ಅದು ಭದ್ರವಾದ ಆರೈಕೆಯಲ್ಲ. ಆ ತಾಯಿ ಜಾರಿಬಿದ್ದು ಸೊಂಟ ಮುರಿದುಕೊಂಡ ದಿನ ಎಲ್ಲವೂ ಕುಸಿಯುತ್ತದೆ. ಅವನಿಗೆ ಯಾವ ಊಟ ಸೇರುತ್ತದೆ, ಯಾವುದಕ್ಕೆ ಹೆದರುತ್ತಾನೆ, ನೋವಾದರೆ ಹೇಗೆ ತಿಳಿಸುತ್ತಾನೆ ಎಂಬುದು ಆಕೆಯೊಬ್ಬಳಿಗೇ ಗೊತ್ತು. ಆಗ ಮನೆಯವರು ಮಗಳ ಕಡೆಗೆ ನೋಡುತ್ತಾರೆ. "ತಮ್ಮನನ್ನು ನೀನೇ ನೋಡಿಕೊಳ್ಳಬೇಕಮ್ಮಾ" ಎಂಬ ಮಾತನ್ನು ಆಕೆ ಬಾಲ್ಯದಿಂದಲೂ ಕೇಳಿದ್ದಾಳೆ. ಆದರೆ ಆಕೆಯ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಹಿಂದಿನ ತಲೆಮಾರಿನಲ್ಲಿ ಇದಕ್ಕಾಗಿ ವಿವಾಹವನ್ನೇ ತ್ಯಜಿಸಿದ ಅಕ್ಕಂದಿರು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಅವರ ತ್ಯಾಗಕ್ಕೆ ನಮಸ್ಕಾರ. ಆದರೆ ಯಾರೂ ಕೇಳದೆ ಪಡೆದುಕೊಂಡದ್ದನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ.

"ಮನೆಯಲ್ಲಿ ಆಗದಿದ್ದರೆ ಆಶ್ರಮಕ್ಕೆ ಸೇರಿಸಿದರಾಯಿತು, ಸಿಸ್ಟರುಗಳು ನೋಡಿಕೊಳ್ಳುತ್ತಾರೆ" ಎನ್ನುವವರಿದ್ದಾರೆ. ಧರ್ಮಭಗಿನಿಯರ ಸೇವೆ ಅಮೂಲ್ಯವಾದುದು. ಆದರೆ ಬಾಗಿಲು ಮುಚ್ಚಿದ್ದರೆ ಸಂಸ್ಥೆಯೂ ಅಪಾಯವೇ ಎಂಬುದಕ್ಕೆ ಸಾಕ್ಷಿಗಳು ಬಹಳ. ಚಂಡೀಗಢದ ಸರ್ಕಾರಿ ಆಶ್ರಯಗೃಹದಲ್ಲಿದ್ದ, ಸೌಮ್ಯ ಬೌದ್ಧಿಕ ನ್ಯೂನತೆಯ ಅನಾಥ ಯುವತಿಯೊಬ್ಬಳು ಆ ಗೃಹದೊಳಗೇ ಅತ್ಯಾಚಾರಕ್ಕೆ ಒಳಗಾಗಿ ಗರ್ಭಿಣಿಯಾದ ಪ್ರಕರಣ 2009ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಗರ್ಭಪಾತಕ್ಕೆ ಉಚ್ಚ ನ್ಯಾಯಾಲಯ ಅಪ್ಪಣೆ ಕೊಟ್ಟಿತ್ತು. ಆಕೆಗೆ ಮಗು ಬೇಕಿತ್ತು. ಆಕೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕಾಪಾಡಬೇಕಾದ ಗೋಡೆಗಳ ಒಳಗೇ ಆಕೆಗೆ ರಕ್ಷಣೆ ಇರಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಇಂತಹ ರೋಗಿಗಳನ್ನು ಸಿಬ್ಬಂದಿ ಹಿಂಸಿಸುತ್ತಿದ್ದುದು 2011ರಲ್ಲಿ ಬಿ.ಬಿ.ಸಿ. ಗುಪ್ತವಾಗಿ ಚಿತ್ರೀಕರಿಸಿದ ಮೇಲೆಯೇ ಬೆಳಕಿಗೆ ಬಂತು. 11 ಮಂದಿ ತಪ್ಪಿತಸ್ಥರಾದರು.

ಕಥೋಲಿಕರಾದ ನಮಗೆ ಇನ್ನೂ ಹತ್ತಿರದ ಒಂದು ಪಾಠವಿದೆ. 1964ರಲ್ಲಿ ಫ್ರಾನ್ಸಿನ ಟ್ರೋಲಿ ಗ್ರಾಮದಲ್ಲಿ ಜೀನ್ ವನಿಯೆ ಎಂಬುವರು ಬೌದ್ಧಿಕ ನ್ಯೂನತೆಯುಳ್ಳವರನ್ನು ಸಂಸ್ಥೆಯಿಂದ ಕರೆತಂದು ಅವರೊಡನೆ ಒಂದೇ ಮನೆಯಲ್ಲಿ ಬಾಳತೊಡಗಿದರು. ಅದೇ ಲಾರ್ಷ್ ಸಂಘಟನೆಯಾಗಿ ಬೆಳೆಯಿತು. ಭಾರತದಲ್ಲಿ ಅದರ ಮೊದಲ ಮನೆ ಆಶಾ ನಿಕೇತನ 1970ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ, ಬನ್ನೇರುಘಟ್ಟ ರಸ್ತೆಯಲ್ಲಿ, ಆರಂಭವಾಯಿತು. ಆರೈಕೆ ಪಡೆಯುವವರು, ಕೊಡುವವರು ಎಂಬ ಭೇದವಿಲ್ಲದೆ ಒಂದೇ ಮೇಜಿನಲ್ಲಿ ಉಣ್ಣುವ ಆ ರೀತಿ ಅನೇಕರಿಗೆ ದಾರಿ ತೋರಿತು. ವನಿಯೆಯವರನ್ನು ಬದುಕಿರುವಾಗಲೇ ಸಂತರೆಂದು ಭಾವಿಸಿದವರಿದ್ದರು. 2019ರಲ್ಲಿ ಅವರು ತೀರಿಕೊಂಡರು. 2020ರಲ್ಲಿ ಲಾರ್ಷ್ ಪ್ರಕಟಿಸಿದ ತನಿಖೆಯ ವರದಿ, ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ಆರು ಮಂದಿ ಸ್ತ್ರೀಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು ತಿಳಿಸಿತು. 2023ರ ವರದಿ ಆ ಸಂಖ್ಯೆಯನ್ನು ಕನಿಷ್ಠ 25 ಎಂದಿತು. ಆರು ಮಂದಿಯಲ್ಲಿ ಯಾರೂ ಬೌದ್ಧಿಕ ನ್ಯೂನತೆಯುಳ್ಳವರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಇದು ನಮ್ಮ ಕಣ್ಣು ತೆರೆಸಬೇಕು. ಪವಿತ್ರವಾದ ಹೆಸರು, ಧರ್ಮವಸ್ತ್ರ, ಗೋಡೆಯ ಮೇಲಿನ ಶಿಲುಬೆ ಇವು ಯಾವುವೂ ರಕ್ಷಣೆಯ ಖಾತರಿಯಲ್ಲ. ತನ್ನ ಸಂಸ್ಥಾಪಕನ ದೋಷವನ್ನೇ ತನಿಖೆಗೆ ಒಪ್ಪಿಸಿ ಲೋಕಕ್ಕೆ ತೆರೆದಿಟ್ಟ ಲಾರ್ಷ್ ಸಂಘಟನೆಯ ನಡೆ ಮಾತ್ರ ಅನುಕರಣೀಯ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಸಾಕ್ಷಿಗಳಿರುವ ಆರೈಕೆಯೇ ಒಳ್ಳೆಯ ಆರೈಕೆ. ಅದು ಮನೆಯಾಗಲಿ, ಸಂಸ್ಥೆಯಾಗಲಿ, ಹೊರಗಿನವರು ಬಂದುಹೋಗುವ, ಹೆಸರು ಹಿಡಿದು ಮಾತನಾಡಿಸುವ, ಮೈಮೇಲಿನ ಗಾಯವನ್ನೋ ಮುಖದ ದುಗುಡವನ್ನೋ ಗುರುತಿಸುವ ಕಣ್ಣುಗಳಿರಬೇಕು. ಆ ಕಣ್ಣುಗಳು ಮಗನನ್ನು ಕಾಪಾಡುತ್ತವೆ. ದಣಿದ ತಾಯಿಯನ್ನೂ ಕಾಪಾಡುತ್ತವೆ.

ನಮ್ಮ ದೇಶದ ಕಾನೂನು ಕೂಡ ಇದನ್ನೇ ಬಯಸುತ್ತದೆ. ಹದಿನೆಂಟು ವರ್ಷ ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪಾಲಕರಾಗಿ ಉಳಿಯುವುದಿಲ್ಲ ಎಂಬುದು ಅನೇಕರಿಗೆ ತಿಳಿಯದು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ, ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು. ಪಾಲಕರು ಬೇಕೇ, ಯಾವ ಉದ್ದೇಶಕ್ಕೆ ಬೇಕು ಎಂಬುದನ್ನು ಸಮಿತಿ ಪರಿಶೀಲಿಸುತ್ತದೆ. ನೇಮಕವಾದ ಪಾಲಕರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕಪತ್ರವನ್ನೂ ಒಪ್ಪಿಸಬೇಕು. ಪಾಲಕರು ಹಿಂಸಿಸಿದರೆ ಅಥವಾ ನಿರ್ಲಕ್ಷಿಸಿದರೆ ಅವರನ್ನು ತೆಗೆದುಹಾಕಲು ಅವಕಾಶವಿದೆ. ಇದೇ ನ್ಯಾಸದ ನಿರಾಮಯ ವಿಮಾ ಯೋಜನೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸಾ ವೆಚ್ಚ ದೊರೆಯುತ್ತದೆ.

ಕಾರ್ಖಾನೆಗಳಲ್ಲಿ ದುಡಿದವರು ಇನ್ನೊಂದನ್ನು ಗಮನಿಸಬೇಕು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ಶಾಶ್ವತವಾಗಿ ಸಂಪೂರ್ಣ ಅಂಗವಿಕಲರಾದ ಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿ ಪಡೆಯುವ ಹಕ್ಕಿದೆ. ಕೇಂದ್ರ ಸರ್ಕಾರಿ ನೌಕರರ ಕುಟುಂಬ ಪಿಂಚಣಿಯಲ್ಲಿಯೂ ದುಡಿಯಲಾರದ ಅಂಗವಿಕಲ ಮಕ್ಕಳಿಗೆ ಇಂತಹ ಅವಕಾಶವಿದೆ. ತಂದೆ ಬದುಕಿರುವಾಗಲೇ ಕಾಗದಪತ್ರ ಸರಿಪಡಿಸಿಟ್ಟರೆ ಮುಂದೆ ಅಲೆದಾಟ ತಪ್ಪುತ್ತದೆ.

ಉಯಿಲನ್ನೂ ಬರೆದಿಡಬೇಕು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲಿಲ್ಲದೆ ತಂದೆ ತೀರಿಕೊಂಡರೆ ಮೂರನೆಯ ಒಂದು ಭಾಗ ಪತ್ನಿಗೂ ಉಳಿದದ್ದು ಮಕ್ಕಳಿಗೆ ಸಮಪಾಲಾಗಿಯೂ ಹೋಗುತ್ತದೆ. ಪಾಲು ಸಮವೇ. ಆದರೆ ಪಾಲಿಗಾಗಿ ಮನೆಯನ್ನೇ ಮಾರಿದರೆ ಹಣ ಕೈಗೆ ಬಂದೀತು, ಆ ಮಗ ಹುಟ್ಟಿ ಬೆಳೆದ ಕೋಣೆ ಬಾರದು. ಅವನ ವಾಸಕ್ಕೆ ಮನೆ, ಖರ್ಚಿಗೆ ಹಣ, ನೋಡಿಕೊಳ್ಳಲು ಇಬ್ಬರ ಹೆಸರು ಉಯಿಲಿನಲ್ಲಿರಲಿ. ಆ ಇಬ್ಬರನ್ನು ಮೊದಲು ಕೇಳಿ ಒಪ್ಪಿಸಿರಲಿ.

ಕಾನೂನು ಇಷ್ಟು ಮಾಡೀತು. ಮನೆಯ ಬಾಗಿಲು ತಟ್ಟುವವರು ಮಾತ್ರ ನಾವೇ ಆಗಬೇಕು. ಮಾರ್ಕನ ಶುಭಸಂದೇಶದ ಪಾರ್ಶ್ವವಾಯು ರೋಗಿಯನ್ನು ನೆನೆಯೋಣ. ಅವನನ್ನು ಹೊತ್ತು ತಂದವರು ನಾಲ್ವರು. ಬಾಗಿಲಲ್ಲಿ ಜನ ತುಂಬಿದ್ದರೆಂದು ಅವರು ಹಿಂದಿರುಗಲಿಲ್ಲ; ಚಾವಣಿಯನ್ನೇ ತೆರೆದರು. ಒಬ್ಬನೇ ಹೊತ್ತಿದ್ದರೆ ಆ ಹಾಸಿಗೆ ಮನೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಅಂಗವಿಕಲರು ಸಮಾಜದಲ್ಲಿ ಇದ್ದೂ ಅದಕ್ಕೆ ಸೇರದವರಂತೆ ಬದುಕಬೇಕಾದ ದುಃಸ್ಥಿತಿಯನ್ನು ಪೋಪ್ ಫ್ರಾನ್ಸಿಸರೂ 2020ರ 'ಫ್ರತೆಲ್ಲಿ ತುತ್ತಿ' ಪರಿಪತ್ರದಲ್ಲಿ ನೋವಿನಿಂದ ಪ್ರಸ್ತಾಪಿಸಿದ್ದರು.

ನಮ್ಮ ಧರ್ಮಕೇಂದ್ರಗಳಲ್ಲಿ ಪ್ರತಿ ಇಂತಹ ವ್ಯಕ್ತಿಗೆ ನಾಲ್ವರು ಏಕಿರಬಾರದು? ಕಿರು ಕ್ರೈಸ್ತ ಸಮುದಾಯಗಳು ತಮ್ಮ ವಲಯದ ಇಂತಹ ಮನೆಗಳನ್ನು ಗುರುತಿಸಲಿ. ಮನೆಯವರ ಒಪ್ಪಿಗೆ ಪಡೆದು ನಾಲ್ವರ ಹೆಸರನ್ನು ಬರೆದಿಡಲಿ. ಅವರಲ್ಲಿ ಇಬ್ಬಿಬ್ಬರು ಜೊತೆಯಾಗಿ ವಾರಕ್ಕೊಮ್ಮೆ ಹೋಗಲಿ. ಒಬ್ಬರೇ ಹೋಗಬಾರದೆಂಬುದು ಕಟ್ಟುನಿಟ್ಟಾಗಿರಲಿ. ಮನೆಭೇಟಿಯನ್ನೇ ವ್ರತವಾಗಿಸಿಕೊಂಡ ವಿನ್ಸೆಂಟ್ ದೆ ಪೌಲ್ ಸಭೆಯವರಿಗೆ ಇದು ಹೊಸತಲ್ಲ. ಎರಡು ಗಂಟೆ ಅವರು ಮಗನ ಜೊತೆಯಲ್ಲಿದ್ದರೆ ತಂದೆತಾಯಿ ಒಟ್ಟಿಗೆ ಪೂಜೆಗೆ ಬರಬಹುದು, ಒಂದು ಮದುವೆಗೆ ಹೋಗಬಹುದು, ಸುಮ್ಮನೆ ನಿದ್ರಿಸಲೂಬಹುದು. ಅವನ ಇಷ್ಟಾನಿಷ್ಟ, ಔಷಧಿ, ಭಯ, ಸಂಕೇತಗಳನ್ನು ತಾಯಿಯಿಂದ ಕೇಳಿ ಒಂದು ನೂರು ಪುಟದ ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಯಾರೇ ನೋಡಿಕೊಳ್ಳಲಿ, ಅದಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿಲ್ಲ.

ವಾರದ ದಿನಗಳಲ್ಲಿ ಬೀಗ ಹಾಕಿರುವ ಧರ್ಮಕೇಂದ್ರದ ಸಭಾಂಗಣವನ್ನು ಬೆಳಗಿನ ಮೂರು ಗಂಟೆ ಇವರಿಗಾಗಿ ತೆರೆಯಲು ಹೆಚ್ಚಿನ ಹಣ ಬೇಕಿಲ್ಲ. ಮೇಣದಬತ್ತಿ ತಯಾರಿಕೆ, ಕಾಗದದ ಚೀಲ, ಹಾಡು, ಒಂದು ಲೋಟ ಕಾಫಿ ಸಾಕು. ಕೊತ್ತನೂರಿನ ಸುತ್ತಮುತ್ತ ನೆಲೆಸಿರುವ ಧರ್ಮಸಭೆಗಳ ಮಠಗಳಲ್ಲಿನ ತರುಣ ಅಭ್ಯರ್ಥಿಗಳು, ನರ್ಸಿಂಗ್ ಕಲಿತ ನಮ್ಮ ಹೆಣ್ಣುಮಕ್ಕಳು, ನಿವೃತ್ತ ಶಿಕ್ಷಕರು ಕೈಜೋಡಿಸಬಲ್ಲರು. ತಿಂಗಳಿಗೊಮ್ಮೆ ಧ್ವನಿವರ್ಧಕವಿಲ್ಲದೆ, ಅವಸರವಿಲ್ಲದೆ ಒಂದು ಪೂಜೆ ನಡೆಯಲಿ. ಅಲ್ಲಿ ಯಾರಾದರೂ ಎದ್ದು ಓಡಾಡಿದರೆ, ಕೂಗಿದರೆ ಯಾರೂ ತಿರುಗಿ ನೋಡದಿರಲಿ.

ಇವು ಯಾವುವೂ ಮಹತ್ಕಾರ್ಯಗಳಲ್ಲ. ಆದರೆ ಇವುಗಳನ್ನು ತಾಯಿ ಬದುಕಿರುವಾಗಲೇ ಆರಂಭಿಸಬೇಕು. ಶವಸಂಸ್ಕಾರದ ದಿನ ಮನೆಯ ಮೂಲೆಯಲ್ಲಿ ದಿಕ್ಕು ತೋಚದೆ ನಿಂತ ನಡುವಯಸ್ಸಿನ ಮಗನನ್ನು ಕಂಡು "ಅಯ್ಯೋ ಪಾಪ, ಇನ್ನು ಇವನಿಗೆ ಯಾರು?" ಎಂದು ಕೇಳುವುದು ತೀರ ತಡವಾದ ಪ್ರಶ್ನೆ. ಅಂದು ಅವನ ಭುಜದ ಮೇಲೆ ಕೈಯಿಡುವವರು ಅವನಿಗೆ ಪರಿಚಿತರಾಗಿರಬೇಕು, ಅವನು ಹೆಸರು ಹಿಡಿದು ಕರೆಯಬಲ್ಲವರಾಗಿರಬೇಕು. ಆ ಪರಿಚಯಕ್ಕೆ ವರ್ಷಗಳು ಬೇಕು. ಪ್ರಿಯ ಓದುಗರೇ, ನಿಮ್ಮ ಬೀದಿಯಲ್ಲಿ ಅಂತಹ ಮನೆ ಯಾವುದೆಂದು ನಿಮಗೆ ಗೊತ್ತು. ಬರುವ ಭಾನುವಾರದ ಪೂಜೆಯ ನಂತರ ಜೊತೆಗೊಬ್ಬರನ್ನು ಕರೆದುಕೊಂಡು ಆ ಬಾಗಿಲನ್ನು ತಟ್ಟಿರಿ.